ಮತ್ತು ಒಬ್ಬ ಮಗಳು

ನಮ್ಮ ಕಡೆಯ ಮದುವೆಮನೆಗಳಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಬಿಡಿಸಿ ಹೇಳುವ ಒಬ್ಬ ಅಜ್ಜಿ ಇದ್ದೇ ಇರುತ್ತಾರೆ. “ಅವಳು ಬೇರೆ ಯಾರೂ ಅಲ್ಲ ಕಣೇ, ನಿನ್ನ ಸೋದರತ್ತೆಯ ನಾದಿನಿಯ ಮಗಳು” ಎಂದು ಎಳೆ ಹಿಡಿದು ಹೊರಟರೆ ಎಲೆ ಹಾಕುವವರೆಗೂ ನಿಲ್ಲಿಸುವುದಿಲ್ಲ. ಇಂಗ್ಲೆಂಡು, ಐರ್ಲೆಂಡುಗಳ ದೊಡ್ಡ ಮನೆತನದವರಿಗೆ ಈ ಅಜ್ಜಿಯ ಕೆಲಸ ಮಾಡಿಕೊಡುವುದು ಒಂದು ಪುಸ್ತಕ. ಅದರ ಹೆಸರು ‘ಬರ್ಕ್ಸ್ ಪೀರೇಜ್’. ಐರ್ಲೆಂಡಿನ ಜಾನ್ ಬರ್ಕ್ ಎಂಬುವರು 1826ರಲ್ಲಿ ಮೊದಲು ಹೊರತಂದ ಈ ಪುಸ್ತಕದಲ್ಲಿ ಡ್ಯೂಕ್, ಮಾರ್ಕ್ವಿಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂಬ ಐದು ಮೆಟ್ಟಿಲುಗಳ ಕುಲೀನರೆಲ್ಲರ ವಂಶಾವಳಿಯೂ ಅಕಾರಾದಿಯಾಗಿ ಇದೆ. ನಮ್ಮ ಅಜ್ಜಿಗೂ ಆ ಪುಸ್ತಕಕ್ಕೂ ಒಂದೇ ವ್ಯತ್ಯಾಸ. ಅಜ್ಜಿ ಹೆಂಗಸರನ್ನು ಹಿಡಿದುಕೊಂಡು ನಡೆಯುತ್ತಾರೆ. ಪುಸ್ತಕ ಗಂಡಸರನ್ನು ಹಿಡಿದು ನಡೆಯುತ್ತದೆ.

ಅದರಲ್ಲಿ ಹೆಣ್ಣುಮಕ್ಕಳು ಎಷ್ಟೇ ಹಿರಿಯರಾಗಿರಲಿ, ಗಂಡುಮಕ್ಕಳ ಸಾಲೆಲ್ಲ ಮುಗಿದ ಮೇಲೆಯೇ ಅವರ ಸರದಿ. ಹಳೆಯ ವಂಶಾವಳಿಗಳಲ್ಲಂತೂ ಎಷ್ಟೋ ಕಡೆ ಹೆಸರು ಕೂಡ ಇಲ್ಲ. ಇಂಥವನಿಗೆ ಇಂಥಿಂಥ ಗಂಡುಮಕ್ಕಳು, ‘ಮತ್ತು ಒಬ್ಬ ಮಗಳು.’ ಅಷ್ಟೇ. ಆದರೆ ಆ ಮನೆತನಗಳ ಕಥೆಯನ್ನು ಸ್ವಲ್ಪ ಕೆದಕಿ ನೋಡಿ. ನೆಲ, ಕೋಟೆ, ಕೊನೆಗೆ ಸಿಂಹಾಸನ ಕೂಡ ಒಂದು ವಂಶದಿಂದ ಇನ್ನೊಂದಕ್ಕೆ ದಾಟಿದ್ದು ಈ ಹೆಸರಿಲ್ಲದ ಸಾಲಿನಲ್ಲಿದ್ದವರ ಕೈಯಿಂದಲೇ. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿದವಳು ನಾನು. ರಾಜರ ಹೆಸರು, ಇಸವಿಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ ಮಾಡಿಸಿ ಸಾಕಾಗಿದೆ. ಅದಕ್ಕೇ ಇರಬೇಕು, ಇತ್ತೀಚೆಗೆ ನನಗೆ ಆ ರಾಜರ ಅಕ್ಕತಂಗಿಯರ ಮೇಲೆಯೇ ಕಣ್ಣು.

ತಂಗಿಯ ಮಗಳು ಕೆಲಸದ ಮೇಲೆ ಡಬ್ಲಿನ್ನಿನಲ್ಲಿದ್ದಾಳೆ. ಒಂದು ಬೇಸಿಗೆ ರಜೆಯಲ್ಲಿ ಅವಳಲ್ಲಿಗೆ ಹೋಗಿದ್ದಾಗ ಅಲ್ಲಿನ ರಾಷ್ಟ್ರೀಯ ಚಿತ್ರಶಾಲೆಗೆ ಕರೆದುಕೊಂಡು ಹೋದಳು. ಅಲ್ಲಿ ಹತ್ತು ಅಡಿ ಎತ್ತರ, ಹದಿನಾರು ಅಡಿಗೂ ಮೀರಿದ ಅಗಲದ ಒಂದು ಚಿತ್ರವಿದೆ. 1854ರಲ್ಲಿ ಡೇನಿಯಲ್ ಮ್ಯಾಕ್ಲೀಸ್ ಎಂಬ ಕಲಾವಿದ ಬರೆದದ್ದು. ಒಂದು ಮದುವೆಯ ಚಿತ್ರ ಅದು. ಆದರೆ ಮದುವೆಯ ಕಳೆ ಎಲ್ಲಿಯೂ ಇಲ್ಲ. ಸುತ್ತ ಬಿದ್ದ ಹೆಣಗಳು, ಎದೆ ಬಡಿದುಕೊಳ್ಳುವ ಹೆಂಗಸರು, ಹೊತ್ತಿ ಉರಿದ ಊರು. ನಡುವೆ ಕಬ್ಬಿಣದ ಕವಚ ತೊಟ್ಟ ವರ, ತಲೆ ತಗ್ಗಿಸಿದ ವಧು. ವಧುವಿನ ಹೆಸರನ್ನು ಐರಿಷ್ ಭಾಷೆಯಲ್ಲಿ ಬರೆಯುವುದು ಹೇಗೋ ಇರಲಿ, ಕರೆಯುವುದು ಈಫಾ ಎಂದು.

ಈಫಾ ಲೆನ್‌ಸ್ಟರ್ ಎಂಬ ಸೀಮೆಯ ರಾಜ ಡರ್ಮಟ್ ಮ್ಯಾಕ್‌ಮರೊವಿನ ಮಗಳು. 1166ರಲ್ಲಿ ರಾಜ್ಯ ಕಳೆದುಕೊಂಡ ಡರ್ಮಟ್ ಸಮುದ್ರ ದಾಟಿ ಹೋಗಿ ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿಯ ಮೊರೆ ಹೊಕ್ಕ. ಅಲ್ಲಿ ಅವನಿಗೆ ಸಿಕ್ಕವನು ರಿಚರ್ಡ್ ಡಿ ಕ್ಲೇರ್. ಜನ ಸ್ಟ್ರಾಂಗ್‌ಬೋ ಎಂದು ಕರೆಯುತ್ತಿದ್ದ ನಾರ್ಮನ್ ಸರದಾರ. ‘ನನ್ನ ರಾಜ್ಯ ಗೆದ್ದುಕೊಡು, ಮಗಳನ್ನು ಕೊಡುತ್ತೇನೆ, ನನ್ನ ನಂತರ ರಾಜ್ಯವೂ ನಿನ್ನದೇ’ ಎಂದು ಮಾತಾಯಿತು. 1170ರ ಆಗಸ್ಟಿನಲ್ಲಿ ವಾಟರ್‌ಫರ್ಡ್ ಊರು ಬಿದ್ದ ಕೂಡಲೇ ಅಲ್ಲಿಯೇ ಮದುವೆ. ಈ ಮಾತುಕತೆಯಲ್ಲಿ ಒಂದು ಸ್ವಾರಸ್ಯವಿದೆ. ಐರಿಷ್ ಪದ್ಧತಿಯಲ್ಲಿ ರಾಜತ್ವ ತಂದೆಯಿಂದ ಹಿರಿಮಗನಿಗೂ ತಾನಾಗಿ ಬರುತ್ತಿರಲಿಲ್ಲ. ಒಬ್ಬ ಮುತ್ತಜ್ಜನ ಗಂಡು ಸಂತತಿಯಲ್ಲಿ ಸಮರ್ಥನಾದ ಯಾರನ್ನಾದರೂ ಆರಿಸಬಹುದಿತ್ತು. ಮಗಳ ಮೂಲಕ ಅಳಿಯನಿಗೆ ರಾಜ್ಯ ಎಂಬುದಂತೂ ಅಲ್ಲಿ ಕೇಳರಿಯದ ವಿಷಯ. ಅಂದರೆ ತನಗೆ ಕೊಡುವ ಹಕ್ಕೇ ಇಲ್ಲದ್ದನ್ನು ಡರ್ಮಟ್ ಮಗಳ ಬಳುವಳಿಯಾಗಿ ಕೊಟ್ಟ. ಇಂಗ್ಲಿಷ್ ಕಾನೂನಿಗೆ ಮಾತ್ರ ಅದು ಸಲೀಸಾಗಿ ಒಪ್ಪಿಗೆಯಾಯಿತು. ಹೆಣ್ಣಿಗೆ ಹಕ್ಕು ಕೊಡಲೆಂದಲ್ಲ, ಹೆಣ್ಣಿನ ಕೈ ಹಿಡಿದವನಿಗೆ ನೆಲ ಸಿಗಲೆಂದು.

ಈಫಾಳ ಮಗಳು ಇಸಬೆಲ್. ತಂದೆ ಸತ್ತಾಗ ಪುಟ್ಟ ಮಗು. ತಮ್ಮನೂ ಬಾಲ್ಯದಲ್ಲೇ ತೀರಿಕೊಂಡ. ದೊಡ್ಡ ಆಸ್ತಿಯ ಒಡತಿ ಎಂದು ಅವಳನ್ನು ದೊರೆಯ ವಶದಲ್ಲಿ ಲಂಡನ್ನಿನ ಟವರ್ ಕೋಟೆಯಲ್ಲಿ ಇಟ್ಟಿದ್ದರು. 1189ರಲ್ಲಿ ವಿಲಿಯಂ ಮಾರ್ಷಲ್ ಎಂಬ ವೀರನಿಗೆ ಬಹುಮಾನದಂತೆ ಮದುವೆ ಮಾಡಿಕೊಟ್ಟರು. ಅವನಿಗೆ ನಲವತ್ತು ದಾಟಿತ್ತು, ಇವಳಿಗೆ ಹದಿನೇಳರ ಆಸುಪಾಸು. ಕಿರಿಯ ಮಗನಾದ್ದರಿಂದ ಅವನಿಗೆ ತಂದೆಯಿಂದ ಅಂಗೈಯಗಲ ನೆಲವೂ ಬಂದಿರಲಿಲ್ಲ. ಆದರೂ ಒಂದು ವಿಷಯಕ್ಕೆ ಮಾರ್ಷಲನನ್ನು ಮೆಚ್ಚಬೇಕು. 1207ರಲ್ಲಿ ದೊರೆಯ ಕರೆ ಬಂದು ಐರ್ಲೆಂಡನ್ನು ಬಿಟ್ಟು ಹೋಗಬೇಕಾಗಿ ಬಂದಾಗ, ಬಸುರಿ ಹೆಂಡತಿಯನ್ನು ತನ್ನ ಸರದಾರರ ಮುಂದೆ ನಿಲ್ಲಿಸಿ, ಈಕೆ ನಿಮ್ಮ ಹುಟ್ಟು ಒಡತಿ, ನನಗೆ ಇಲ್ಲಿ ಇರುವುದೆಲ್ಲ ಈಕೆಯಿಂದ ಬಂದದ್ದು ಎಂಬರ್ಥದ ಮಾತು ಹೇಳಿ ಹೋದನಂತೆ. ಆಮೇಲೆ ವೈರಿಗಳು ಮೇಲೆ ಬಿದ್ದಾಗ ಕಿಲ್ಕೆನಿಯನ್ನು ಕಾಯ್ದುಕೊಂಡವಳು ಇಸಬೆಲ್ಲಳೇ. ಹೆಂಡತಿಯ ಕಡೆಯ ತೋಟದಲ್ಲಿ ಕೂತು ‘ನಮ್ಮ ತೋಟ’ ಎನ್ನುವ ಎಷ್ಟು ಜನ ಗಂಡಸರು ನಾಲ್ಕು ಜನರ ಮುಂದೆ ಈ ಮಾತು ಆಡುತ್ತಾರೆ, ನೀವೇ ಹೇಳಿ.

ಅವರಿಗೆ ಐವರು ಗಂಡುಮಕ್ಕಳು, ಐವರು ಹೆಣ್ಣುಮಕ್ಕಳು. ಐವರು ಗಂಡುಮಕ್ಕಳಿದ್ದ ಮನೆಯ ಹೆಸರು ಅಳಿಯುವುದುಂಟೇ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ಐವರೂ ಒಬ್ಬರ ನಂತರ ಒಬ್ಬರು ಅರ್ಲ್ ಪಟ್ಟಕ್ಕೆ ಬಂದು, ಔರಸ ಸಂತಾನವಿಲ್ಲದೆ ಒಬ್ಬರ ನಂತರ ಒಬ್ಬರು ತೀರಿಹೋದರು. 1245ರ ಕೊನೆಗೆ ಮಾರ್ಷಲ್ ವಂಶದ ಗಂಡು ಸಾಲು ಮುಗಿಯಿತು. ಎರಡು ಜಹಗೀರುಗಳ ಜಗಳದಲ್ಲಿ ಫರ್ನ್ಸ್ ಊರಿನ ಬಿಷಪ್ ಹಾಕಿದ ಶಾಪ ಇದು ಎಂದು ಆ ಕಾಲದವರು ಬರೆದಿಟ್ಟಿದ್ದಾರೆ. ಶಾಪವೋ ಏನೋ, 1247ರಲ್ಲಿ ಇಡೀ ಲೆನ್‌ಸ್ಟರ್ ಐದು ಪಾಲಾಯಿತು. ಕಾರ್ಲೊ ಹಿರಿಯಳಾದ ಮಾಡ್‌ಳ ಪಾಲಿಗೆ, ಕಿಲ್ಕೆನಿ ಇಸಬೆಲ್ಲಳ ಪಾಲಿಗೆ, ಕಿಲ್ಡೇರ್ ಸಿಬಿಲ್ಲಳ ಪಾಲಿಗೆ, ವೆಕ್ಸ್‌ಫರ್ಡ್ ಜೋನಳ ಪಾಲಿಗೆ, ಡನಮೇಸ್ ಕೋಟೆ ಈವಳ ಪಾಲಿಗೆ. ಸಿಬಿಲ್ಲಳಿಗೆ ಏಳು ಜನ ಹೆಣ್ಣುಮಕ್ಕಳು. ಹಾಗಾಗಿ ಅವಳ ಪಾಲು ಮತ್ತೆ ಏಳು ಚೂರು. ಇಸಬೆಲ್ಲಳ ಮಗಳ ಮೊಮ್ಮಗನೇ ಮುಂದೆ ಸ್ಕಾಟ್ಲೆಂಡಿನ ದೊರೆಯಾದ ರಾಬರ್ಟ್ ಬ್ರೂಸ್. ಜೇಡರ ಹುಳುವನ್ನು ನೋಡಿ ಛಲ ಕಲಿತ ದೊರೆ ಎಂದು ನಾವು ಚಿಕ್ಕಂದಿನಲ್ಲಿ ಕಥೆ ಕೇಳಿದೆವಲ್ಲ, ಅವನೇ. ಈವಳ ಮಗಳು ಮಾರ್ಟಿಮರ್ ಮನೆತನಕ್ಕೆ ಸೊಸೆಯಾಗಿ ಹೋದಳು. ಮಾರ್ಟಿಮರ್ ಎಂಬ ಹೆಸರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಇದಾದ ಮೇಲೆ ಅಲ್‌ಸ್ಟರ್ ಸೀಮೆಯ ಕಥೆ. ಅಲ್ಲಿನ ಅರ್ಲ್ ವಿಲಿಯಂ ಡಿ ಬರ್ಗ್ ತನ್ನ ದಾಯಾದಿ ವಾಲ್ಟರನನ್ನು ಸೆರೆಯಲ್ಲಿಟ್ಟು ಉಪವಾಸ ಕೆಡವಿ ಕೊಂದ. ವಾಲ್ಟರನ ತಂಗಿ ಗೈಲ್ ಸುಮ್ಮನಿರಲಿಲ್ಲ. ಅವಳ ಗಂಡನ ಕಡೆಯವರು 1333ರ ಜೂನಿನಲ್ಲಿ ಅರ್ಲನನ್ನು ಕಡಿದುಹಾಕಿದರು. ಉಳಿದದ್ದು ಹನ್ನೊಂದು ತಿಂಗಳ ಹೆಣ್ಣುಮಗು ಎಲಿಜಬೆತ್. ತಾಯಿ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಇಂಗ್ಲೆಂಡಿಗೆ ಓಡಿದಳು.

ಇಂಗ್ಲಿಷ್ ಕಾನೂನಿನ ಪ್ರಕಾರ ಅಲ್‌ಸ್ಟರ್, ಕಾನಾಟ್ ಎರಡು ಸೀಮೆಗಳೂ ಆ ತೊಟ್ಟಿಲ ಕೂಸಿನವು. ಐರಿಷ್ ಪದ್ಧತಿಯಲ್ಲಿ ಅವಳಿಗೆ ಏನೂ ಇಲ್ಲ. ಮೊದಲು ನಾರ್ಮನ್ನರಾಗಿ ಬಂದ ಡಿ ಬರ್ಗ್ ದಾಯಾದಿಗಳು ಈಗ ಏನು ಮಾಡಿದರು ಗೊತ್ತೇ? ರಾತ್ರಿ ಬೆಳಗಾಗುವುದರೊಳಗೆ ಐರಿಷರಾದರು! ಉಡುಪು, ಭಾಷೆ, ಹೆಸರು ಎಲ್ಲವನ್ನೂ ಬದಲಿಸಿ, ‘ಮೇಲಿನ ಮ್ಯಾಕ್‌ವಿಲಿಯಂ’, ‘ಕೆಳಗಿನ ಮ್ಯಾಕ್‌ವಿಲಿಯಂ’ ಎಂದು ಎರಡು ಕವಲಾಗಿ ಕಾನಾಟನ್ನು ಹಂಚಿಕೊಂಡುಬಿಟ್ಟರು. ರಾತ್ರಿ ಬೆಳಗು ಎಂದದ್ದು ನನ್ನ ಉತ್ಪ್ರೇಕ್ಷೆ, ಕೆಲವು ವರ್ಷಗಳೇ ಹಿಡಿದವು. ಆದರೆ ಜಾತಿ, ಭಾಷೆ, ಸಂಸ್ಕೃತಿ ಎಂದು ನಾವು ಹೇಳುವ ದೊಡ್ಡ ಬದಲಾವಣೆಗಳ ಹಿಂದೆ ಎಷ್ಟೋ ಸಲ ಒಂದು ಹೆಣ್ಣುಮಗುವಿನ ಪಾಲು ತಪ್ಪಿಸುವ ಲೆಕ್ಕ ಇರುತ್ತದೆ ಎಂಬುದು ನನ್ನ ಅನುಮಾನ. ಡಿ ಬರ್ಗ್ ಎಂಬ ಹೆಸರು ಸವೆದು ಸವೆದು ಬರ್ಕ್ ಆಯಿತು.

ಕೂಸನ್ನು 1342ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಎಡ್ವರ್ಡನ ಮಗ ಲಯನೆಲ್ಲನಿಗೆ ಕೊಟ್ಟರು. ವಧುವಿಗೆ ಹತ್ತು ವರ್ಷ. ವರನಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಬಾಲ್ಯವಿವಾಹ ನಮ್ಮಲ್ಲಿ ಮಾತ್ರ ಇತ್ತು ಎನ್ನುವವರಿಗೆ ಇದನ್ನು ತೋರಿಸಬೇಕು. ಇವರ ಒಬ್ಬಳೇ ಮಗಳು ಫಿಲಿಪ್ಪಾ 1355ರಲ್ಲಿ ಹುಟ್ಟಿದಳು. ಅವಳನ್ನು ಕೊಟ್ಟದ್ದು ಎಡ್ಮಂಡ್ ಮಾರ್ಟಿಮರನಿಗೆ. ಈವಳ ಕಡೆಯಿಂದ ಬಂದ ಎಳೆಯೂ ಕೂಸು ಎಲಿಜಬೆತ್ತಳ ಎಳೆಯೂ ಇಲ್ಲಿ ಗಂಟು ಬಿದ್ದವು. ಫಿಲಿಪ್ಪಾಳ ಮೊಮ್ಮಗಳು ಆನ್ ಮಾರ್ಟಿಮರ್. ಆನಳ ಮೊಮ್ಮಗ 1461ರಲ್ಲಿ ಇಂಗ್ಲೆಂಡಿನ ಸಿಂಹಾಸನ ಏರಿದ ನಾಲ್ಕನೆಯ ಎಡ್ವರ್ಡ್. ಬಿಳಿ ಗುಲಾಬಿ, ಕೆಂಪು ಗುಲಾಬಿಯ ಯುದ್ಧ ಎಂದು ಓದಿದ್ದೇವಲ್ಲ, ಅದರಲ್ಲಿ ಬಿಳಿ ಗುಲಾಬಿಯವರ ಹಕ್ಕಿನ ತಾಯಿಬೇರು ಇದೇ. ಅವನ ಮಗಳ ಸಂತತಿಯೇ ಇಂದಿನ ಮೂರನೆಯ ಚಾರ್ಲ್ಸ್‌ವರೆಗಿನ ಅರಸರೆಲ್ಲ. ಹೊತ್ತಿ ಉರಿದ ಊರಿನಲ್ಲಿ ತಲೆ ತಗ್ಗಿಸಿ ನಿಂತ ಈಫಾಳ ರಕ್ತ ಅಲ್ಲಿಯವರೆಗೂ ಹರಿದಿದೆ. ಅವಳ ತವರಿನ ರಾಜ್ಯ ಮಾತ್ರ ತವರಿಗೆ ಉಳಿಯಲಿಲ್ಲ.

ಹಾಗೆಂದು ಕಾನಾಟಿನ ಮ್ಯಾಕ್‌ವಿಲಿಯಮ್ಮರನ್ನು ಮರೆಯುವಂತಿಲ್ಲ. ‘ಕೆಳಗಿನ’ ಕವಲಿನ ಒಬ್ಬ ನಾಯಕನ ಹೆಂಡತಿಯೇ ಗ್ರೋನ್ಯ ಒಮಾಲಿ. ಐರಿಷ್ ಪದ್ಧತಿಯ ಒಂದು ಒಳ್ಳೆಯ ಗುಣವೆಂದರೆ ಮದುವೆಯಾದ ಮೇಲೂ ಹೆಂಗಸು ತಂದೆಯ ಮನೆತನದ ಹೆಸರನ್ನು ಬಿಡುತ್ತಿರಲಿಲ್ಲ. ಈ ಗ್ರೋನ್ಯ ಸ್ವಂತ ಹಡಗುಗಳನ್ನು ಇಟ್ಟುಕೊಂಡು ಪಶ್ಚಿಮ ಕರಾವಳಿಯನ್ನು ನಡುಗಿಸಿದವಳು. ಮಗನನ್ನು ಇಂಗ್ಲಿಷ್ ಅಧಿಕಾರಿ ಸೆರೆಹಿಡಿದಾಗ 1593ರಲ್ಲಿ ನೇರವಾಗಿ ಲಂಡನ್ನಿಗೆ ಹೋಗಿ ಮೊದಲನೆಯ ಎಲಿಜಬೆತ್ ರಾಣಿಯನ್ನು ಕಂಡಳು. ಅದಕ್ಕೆ ಮುಂಚೆ ಅವಳಿಗೆ ಹದಿನೆಂಟು ಪ್ರಶ್ನೆಗಳನ್ನು ಬರಹದಲ್ಲಿ ಕೊಟ್ಟಿದ್ದರು. ಅದರಲ್ಲಿ ಒಂದು, ನಿಮ್ಮ ಕಡೆ ನಾಯಕರ ವಿಧವೆಯರಿಗೆ ಜೀವನಕ್ಕೆ ಏನು ಕೊಡುತ್ತಾರೆ ಎಂಬುದು. ಇಂಗ್ಲೆಂಡಿನಲ್ಲಿ ಗಂಡನ ಭೂಮಿಯ ಮೂರನೆಯ ಒಂದು ಭಾಗ ವಿಧವೆಗೆ. ನಮ್ಮಲ್ಲಿ ಹಾಗಿಲ್ಲ, ತಂದ ಬಳುವಳಿ ವಾಪಸಾದರೆ ಹೆಚ್ಚು ಎಂದು ಅವಳು ಉತ್ತರ ಕೊಟ್ಟು, ತನಗೂ ಆ ಮೂರನೆಯ ಪಾಲು ಬೇಕೆಂದು ಕೇಳಿದಳು. ಕಡಲುಗಳ್ಳಿ ಎಂದು ಅವಳ ಕಥೆ ಹೇಳುವವರು ಈ ಭಾಗ ಬಿಟ್ಟುಬಿಡುತ್ತಾರೆ. ನನಗೆ ಮಾತ್ರ ಕತ್ತಿಗಿಂತ ಈ ಅರ್ಜಿಯೇ ದೊಡ್ಡದಾಗಿ ಕಾಣುತ್ತದೆ. ಅವಳ ಆ ಮಗ 1627ರಲ್ಲಿ ವೈಕೌಂಟ್ ಮೇಯೋ ಆದ. ಐರಿಷ್ ಚರಿತ್ರಕಾರರು ಬರೆದಿಟ್ಟ ವರ್ಷವಾರು ದಾಖಲೆಗಳಲ್ಲಿ ಗ್ರೋನ್ಯಳ ಹೆಸರು ಒಂದು ಕಡೆಯೂ ಇಲ್ಲ. ಅವಳು ನಮಗೆ ಸಿಕ್ಕಿರುವುದು ಶತ್ರುಗಳ ಕಾಗದಪತ್ರಗಳಲ್ಲಿ. ಅದೇ ಮೇಯೋ ಕಡೆಯ ಬರ್ಕ್ ಕುಲದ ಇನ್ನೊಂದು ಮನೆಯವನೇ 1872ರಲ್ಲಿ ಅಂಡಮಾನಿನಲ್ಲಿ ಕೊಲೆಯಾದ ವೈಸರಾಯ್ ಲಾರ್ಡ್ ಮೇಯೋ. ಬೆಂಗಳೂರಿನ ಮೇಯೋ ಹಾಲ್ ಅವನ ಹೆಸರಿನದು.

ಅಣ್ಣತಮ್ಮಂದಿರಿದ್ದರೆ ಹಿರಿಯವನಿಗೆ ಎಲ್ಲ, ಅಕ್ಕತಂಗಿಯರಿದ್ದರೆ ಎಲ್ಲರಿಗೂ ಸಮಪಾಲು ಎಂಬುದು ಇಂಗ್ಲೆಂಡಿನ ಹಳೆಯ ಕಾನೂನು. ಕೇಳಲು ಚೆನ್ನಾಗಿದೆ. ಆದರೆ ಬಿರುದಿನ ವಿಷಯಕ್ಕೆ ಬಂದಾಗ ಇದೊಂದು ತಮಾಷೆಯಾಗುತ್ತದೆ. ಹೆಚ್ಚಿನ ಬಿರುದುಗಳು ಹೆಣ್ಣಿಗೆ ಬರುವುದೇ ಇಲ್ಲ. ಕೆಲವು ಹಳೆಯ ಬ್ಯಾರನ್ ಪದವಿಗಳು ಬರುತ್ತವೆ, ಒಬ್ಬಳೇ ಮಗಳಿದ್ದರೆ. ಇಬ್ಬರಿದ್ದರೆ? ಇಬ್ಬರೂ ಸಮಾನರು, ಆದ್ದರಿಂದ ಇಬ್ಬರಿಗೂ ಇಲ್ಲ! ಒಬ್ಬಳ ಸಂತತಿ ಅಳಿದು ಇನ್ನೊಬ್ಬಳದು ಮಾತ್ರ ಉಳಿಯುವವರೆಗೆ, ಇಲ್ಲವೇ ಅರಸನೇ ಒಬ್ಬರನ್ನು ಆರಿಸುವವರೆಗೆ ಆ ಪದವಿ ನಿದ್ದೆ ಹೋಗುತ್ತದೆ. ಕ್ಯಾಮಾಯ್ಸ್ ಎಂಬ ಪದವಿ 1426ರಲ್ಲಿ ಮಲಗಿದ್ದು 1839ರಲ್ಲಿ ಎದ್ದಿತು. ಕುಂಭಕರ್ಣನಿಗೆ ಆರೇ ತಿಂಗಳು. ಇದಕ್ಕೆ ನಾನೂರ ಹದಿಮೂರು ವರ್ಷ.

ನಗುವುದು ಸುಲಭ. ನಮ್ಮ ತಂದೆ ತೀರಿಕೊಂಡಾಗ ಪೌತಿ ಖಾತೆಗೆಂದು ಮಾಡಿಸಿದ ವಂಶವೃಕ್ಷದಲ್ಲಿ ನನ್ನ ಇಬ್ಬರು ಅಣ್ಣಂದಿರ ಹೆಸರು, ವಯಸ್ಸು, ಅವರ ಮಕ್ಕಳ ಹೆಸರು ಎಲ್ಲವೂ ಇತ್ತು. ಕೆಳಗೆ ಒಂದು ಸಾಲು: ‘ಹೆಣ್ಣುಮಕ್ಕಳು ಇಬ್ಬರು, ಮದುವೆಯಾಗಿದೆ.’ ಆಮೇಲೆ ಹಕ್ಕು ಬಿಡುಗಡೆ ಪತ್ರ ಬರೆಸುವಾಗ ಮಾತ್ರ ನಮ್ಮ ಪೂರ್ತಿ ಹೆಸರು, ಗಂಡನ ಹೆಸರು, ವಿಳಾಸ, ಹೆಬ್ಬೆಟ್ಟು ಎಲ್ಲವೂ ಬೇಕಾಯಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ನಮ್ಮ ಅಮ್ಮನೇ ಸಮಾಧಾನ ಹೇಳಿದಳು. ಕರ್ನಾಟಕದಲ್ಲಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನು 1994ರ ಜುಲೈ 30ರಿಂದ ಜಾರಿಗೆ ಬಂತು, ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅನ್ವಯಿಸುತ್ತಿರಲಿಲ್ಲ. ನನ್ನ ಮದುವೆ ಅದೇ ವರ್ಷದ ಮೇ ತಿಂಗಳಲ್ಲಿ. 2005ರಲ್ಲಿ ಕೇಂದ್ರದ ಕಾನೂನು ಬಂದು ಮದುವೆಯ ಆ ಗೆರೆಯನ್ನು ಅಳಿಸುವ ಹೊತ್ತಿಗೆ ನಮ್ಮ ಪತ್ರ ನೋಂದಣಿಯಾಗಿ ವರ್ಷಗಳಾಗಿದ್ದವು. ಇರಲಿ, ಅಣ್ಣಂದಿರು ಹಬ್ಬಕ್ಕೆ ಸೀರೆ ತಪ್ಪಿಸಿಲ್ಲ.

ನಮ್ಮ ನಾಡಿಗೆ ಹತ್ತಿರವಾದ ಒಂದು ಐರಿಷ್ ಮನೆತನವಿದೆ, ವೆಲ್ಲೆಸ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದವನು ರಿಚರ್ಡ್ ವೆಲ್ಲೆಸ್ಲಿ. ದಂಡಿನಲ್ಲಿದ್ದ ತಮ್ಮ ಆರ್ಥರ್ ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ. ಇವರ ಮೂಲ ಹೆಸರು ವೆಲ್ಲೆಸ್ಲಿಯೇ ಅಲ್ಲ, ಕಾಲಿ. ಇವರ ಅಜ್ಜ ರಿಚರ್ಡ್ ಕಾಲಿ 1728ರಲ್ಲಿ ಮಕ್ಕಳಿಲ್ಲದ ವೆಸ್ಲಿ ಎಂಬ ನೆಂಟನ ಆಸ್ತಿಗೆ ಬಂದು ಅವನ ಹೆಸರನ್ನೇ ಇಟ್ಟುಕೊಂಡ. ಆಮೇಲೆ ಅದು ಹಿಗ್ಗಿ ವೆಲ್ಲೆಸ್ಲಿ ಆಯಿತು. ನಾವು ಇದನ್ನು ದತ್ತು ಎನ್ನುತ್ತೇವೆ. ಅವರು ಅನ್ನುವುದಿಲ್ಲ. ನೆಲವನ್ನು ಉಯಿಲು ಬರೆದು ಯಾರಿಗೆ ಬೇಕಾದರೂ ಕೊಡಬಹುದು, ಬಿರುದು ಮಾತ್ರ ಸ್ವಂತ ರಕ್ತಕ್ಕೆ, ಅದೂ ಮದುವೆಯಾದ ಮೇಲೆ ಹುಟ್ಟಿದ ರಕ್ತಕ್ಕೆ. ದತ್ತು ಮಕ್ಕಳಿಗೆ ಇಂದಿಗೂ ಆ ಬಿರುದುಗಳು ಬರುವುದಿಲ್ಲ.

ರಿಚರ್ಡನಿಗೆ ಈ ಕಟ್ಟಳೆ ಚೆನ್ನಾಗಿಯೇ ತಗುಲಿತು. ಹಯಸಿಂತ್ ಎಂಬ ಫ್ರೆಂಚ್ ನಟಿಯಲ್ಲಿ ಅವನಿಗೆ ಐವರು ಮಕ್ಕಳು. ಅವಳನ್ನು ಅವನು ಮದುವೆಯಾದದ್ದು ಐವರೂ ಹುಟ್ಟಿದ ಮೇಲೆ, 1794ರಲ್ಲಿ. ಮೈಸೂರಿನ ಗೆಲುವಿಗೆ ಅವನಿಗೆ ಮಾರ್ಕ್ವಿಸ್ ಪದವಿ ಬಂತು. ಅದೂ ಐರಿಷ್ ಪಟ್ಟಿಯಲ್ಲಿ ಎಂದು, ಚಿನ್ನದ ನೀರು ಕುಡಿಸಿದ ಆಲೂಗೆಡ್ಡೆ ಎಂದು ಗೊಣಗಿದನಂತೆ. 1842ರಲ್ಲಿ ಅವನು ಸತ್ತಾಗ ಗಂಡುಮಕ್ಕಳು ಹುಟ್ಟಿದ್ದರೂ ಇಲ್ಲದ ಲೆಕ್ಕ. ಮಾರ್ಕ್ವಿಸ್ ಪದವಿ ಅಳಿಯಿತು, ಹಳೆಯ ಅರ್ಲ್ ಪದವಿ ತಮ್ಮನಿಗೆ ಹೋಯಿತು. ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ಅವನ ಹೆಸರಿನಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆ ಮಾತ್ರ ಉಳಿದಿದೆ.

ಆದರೆ ಕಥೆ ಮುಗಿಯಲಿಲ್ಲ. ಆ ಐವರಲ್ಲಿ ಆನ್ ಎಂಬ ಒಬ್ಬ ಮಗಳಿದ್ದಳು. ಮೊದಲ ಗಂಡನನ್ನು ಬಿಟ್ಟು ಲಾರ್ಡ್ ಚಾರ್ಲ್ಸ್ ಬೆಂಟಿಂಕ್ ಎಂಬುವನ ಜೊತೆ ಹೊರಟುಹೋಗಿ, ಊರೆಲ್ಲ ಆಡಿಕೊಂಡು, ವಿಚ್ಛೇದನವಾಗಿ, 1816ರಲ್ಲಿ ಅವನನ್ನೇ ಮದುವೆಯಾದಳು. ಇವನ ಅಣ್ಣ ವಿಲಿಯಂ ಬೆಂಟಿಂಕ್ ಯಾರೆಂದು ಶಾಲೆಯ ಮಕ್ಕಳಿಗೂ ಗೊತ್ತು. ಸತಿ ಪದ್ಧತಿ ನಿಲ್ಲಿಸಿದವನು, 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಿತ್ತುಕೊಂಡವನೂ ಅವನೇ. ಅಂದರೆ ಐದು ವರ್ಷದ ಒಡೆಯರನ್ನು ಪಟ್ಟಕ್ಕೆ ಕೂರಿಸಿದವನ ಮಗಳು, ಅವರನ್ನು ಪಟ್ಟದಿಂದ ಪಕ್ಕಕ್ಕೆ ಸರಿಸಿದವನ ತಮ್ಮನ ಹೆಂಡತಿ. ಆನಳ ಮಗ ಒಬ್ಬ ಪಾದ್ರಿಯಾದ. ಅವನ ಮಗಳು ಸಿಸಿಲಿಯಾ. ಸಿಸಿಲಿಯಾಳ ಮಗಳು 1900ರಲ್ಲಿ ಹುಟ್ಟಿದ ಎಲಿಜಬೆತ್ ಬೋಸ್-ಲಯನ್. ಅವಳ ಮಗಳು ಎರಡನೆಯ ಎಲಿಜಬೆತ್ ರಾಣಿ. 1961ರಲ್ಲಿ ಅವರು ಬೆಂಗಳೂರಿಗೆ, ನಂದಿ ಬೆಟ್ಟಕ್ಕೆ ಬಂದಾಗ ಲಕ್ಷಾಂತರ ಕಣ್ಣುಗಳು ನೋಡಿದವು. ಶ್ರೀರಂಗಪಟ್ಟಣ ಬಿದ್ದ ಕಾಲದ ಗವರ್ನರ್ ಜನರಲನ, ಲೆಕ್ಕಕ್ಕೆ ಬಾರದ ಮಗಳ ಮೊಮ್ಮಗಳ ಮೊಮ್ಮಗಳು ಎಂದು ಆ ಗುಂಪಿನಲ್ಲಿ ಎಷ್ಟು ಜನಕ್ಕೆ ಹೊಳೆದೀತು! ನಮ್ಮ ಮದುವೆಮನೆಯ ಅಜ್ಜಿಯಾಗಿದ್ದರೆ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದರು.

ದತ್ತಿನ ಮಾತು ಬಂತಲ್ಲ, ಕಿತ್ತೂರನ್ನು ನೆನೆಯದೆ ಇರಲಾಗುವುದಿಲ್ಲ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗ ರುದ್ರಸರ್ಜ ಮಕ್ಕಳಿಲ್ಲದೆ ಸಾಯುವ ಮುನ್ನ ಮಾಡಿಕೊಂಡ ದತ್ತನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಚೆನ್ನಮ್ಮನ ಯುದ್ಧ, ಥ್ಯಾಕರೆಯ ಸಾವು, ಬೈಲಹೊಂಗಲದ ಸೆರೆಮನೆ ಎಲ್ಲ ನಿಮಗೆ ಗೊತ್ತೇ ಇದೆ. ಮುಂದೆ ಇದನ್ನೇ ನೀತಿಯಾಗಿ ಮಾಡಿಕೊಂಡು ಸತಾರಾ, ಝಾನ್ಸಿ, ನಾಗಪುರಗಳನ್ನು ನುಂಗಿದವನು ಲಾರ್ಡ್ ಡಾಲ್‌ಹೌಸಿ. ಅವನೂ ಮಾರ್ಕ್ವಿಸ್. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ಗಂಡಿಲ್ಲ. 1860ರಲ್ಲಿ ಅವನು ಸತ್ತ ದಿನವೇ ಆ ಮಾರ್ಕ್ವಿಸ್ ಪದವಿಯೂ ಸತ್ತಿತು. ಇದರಲ್ಲಿ ನನಗೆ ಸ್ವಲ್ಪ ಸಂತೋಷವಾಗುತ್ತದೆ 
ಎಂದರೆ ಮುಚ್ಚಿಡುವುದೇಕೆ. ಆದರೆ ಆ ಇಬ್ಬರು ಹೆಣ್ಣುಮಕ್ಕಳ ತಪ್ಪೇನಿತ್ತು ಎಂದೂ ಅನಿಸುತ್ತದೆ.

2013ರಲ್ಲಿ ಬ್ರಿಟನ್ನಿನವರು ಕಾನೂನು ತಿದ್ದಿ, ಸಿಂಹಾಸನಕ್ಕೆ ಹೆಣ್ಣಾಗಲಿ ಗಂಡಾಗಲಿ ಹಿರಿಯ ಮಗುವೇ ಮೊದಲು ಎಂದರು. ಡ್ಯೂಕು, ಅರ್ಲುಗಳ ಬಿರುದಿಗೆ ಆ ಕಾನೂನು ತಾಗಲಿಲ್ಲ.

ಇಷ್ಟೆಲ್ಲ ಆದರೂ ಇವರು ದೊಡ್ಡವರು. ಹೆಸರಿಲ್ಲದಿದ್ದರೂ ‘ಒಬ್ಬ ಮಗಳು’ ಎಂಬಷ್ಟಾದರೂ ಉಳಿಯಿತು. ಐರ್ಲೆಂಡಿನ ಬಡವರ ಪಾಲಿಗೆ ಅದೂ ಉಳಿಯಲಿಲ್ಲ. 1922ರ ಜೂನ್ 30ರಂದು ಅಲ್ಲಿನ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡ ಸಿಡಿದು, ಅದರಲ್ಲಿದ್ದ ಸಾರ್ವಜನಿಕ ದಾಖಲೆಗಳ ಭಂಡಾರ ಸುಟ್ಟು ಬೂದಿಯಾಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಹಾಳೆಗಳಲ್ಲಿ ಹೆಚ್ಚಿನವೆಲ್ಲ, ಉಯಿಲುಗಳು, ಚರ್ಚುಗಳ ಎಷ್ಟೋ ಜನನ ಮರಣದ ಪುಸ್ತಕಗಳು ಹೋದವು. ದೊಡ್ಡ ಕ್ಷಾಮಕ್ಕೆ ಮುಂಚೆ ಯಾವ ಗುಡಿಸಲಿನಲ್ಲಿ ಯಾರಿದ್ದರು ಎಂದು ಹೇಳುತ್ತಿದ್ದ ಕಾಗದ ಅವು. ಕುಲೀನರ ವಂಶಾವಳಿಗೆ ಬರ್ಕ್ ಇದ್ದ. ಇವರಿಗೆ ಯಾರೂ ಇರಲಿಲ್ಲ.

1901 ಮತ್ತು 1911ರ ಗಣತಿಯ ಹಾಳೆಗಳು ಪುಣ್ಯಕ್ಕೆ ಉಳಿದಿವೆ. ತಂಗಿಯ ಮಗಳು ತನ್ನ ಕಂಪ್ಯೂಟರಿನಲ್ಲಿ ಅವನ್ನು ತೆಗೆದು ತೋರಿಸಿದಳು. ಯಾರು ಬೇಕಾದರೂ ನೋಡಬಹುದು. 1911ರ ಹಾಳೆಯಲ್ಲಿ ಮದುವೆಯಾದ ಹೆಂಗಸರಿಗೆಂದೇ ಮೂರು ಕಲಮುಗಳಿವೆ. ಮದುವೆಯಾಗಿ ಎಷ್ಟು ವರ್ಷ, ಜೀವಂತ ಹುಟ್ಟಿದ ಮಕ್ಕಳು ಎಷ್ಟು, ಈಗ ಬದುಕಿರುವವರು ಎಷ್ಟು. ಆ ವರ್ಷ ಮತದಾನದ ಹಕ್ಕಿಗೆ ಹೋರಾಡುತ್ತಿದ್ದ ಕೆಲವು ಹೆಂಗಸರು, ನಮಗೆ ಮತವಿಲ್ಲದ ಮೇಲೆ ನಿಮ್ಮ ಲೆಕ್ಕಕ್ಕೂ ನಾವಿಲ್ಲ ಎಂದು ಹಾಳೆ ತುಂಬಲು ಒಪ್ಪಲಿಲ್ಲವಂತೆ. ಉಳಿದವರದ್ದು ಇದೆ. ಶಾಯಿ ಸ್ವಲ್ಪ ಮಾಸಿದೆ, ಕೈಬರಹ ಒಬ್ಬೊಬ್ಬರದು ಒಂದೊಂದು ಥರ. ಒಂದು ಬೀದಿಯ ಮನೆಗಳನ್ನು ಸಾಲಾಗಿ ನೋಡುತ್ತಾ ಹೋದೆವು. ಕೊನೆಯ ಎರಡು ಕಲಮುಗಳ ಅಂಕಿ ಒಂದೇ ಆಗಿದ್ದ ಮನೆಗಳು ಬಹಳ ಕಡಿಮೆ.